ಕೆಂಪು ಪೆನ್ಸಿಲಿನ ಕಾಕಾ

ಸೀವುಡ್ಸ್‌ನ ನಮ್ಮ ಮನೆಯಲ್ಲಿ ಮೊನ್ನೆ ಮಗಳು ಕೆಂಪು ಪೆನ್ಸಿಲ್ ಚೂಪು ಮಾಡುತ್ತಿದ್ದಳು. ಆ ಮರದ ಸಿಪ್ಪೆಯ ವಾಸನೆ ಮೂಗಿಗೆ ಬಡಿಯಿತು. ಕೈಯಲ್ಲಿದ್ದ ಚಹಾ ಹಾಗೇ ಆರಿತು. ಕಾಲೇಜಿನ ಲ್ಯಾಬು, ಬೆಸುಗೆಯ ಹೊಗೆ, ಕಿವಿಯ ಮೇಲೆ ಮೋಟು ಕೆಂಪು ಪೆನ್ಸಿಲ್ ಸಿಕ್ಕಿಸಿಕೊಂಡು ನಿಂತಿರುತ್ತಿದ್ದ ಕಾಕಾ...

ನವಿ ಮುಂಬೈಯ ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಲ್ಯಾಬಿನ ಸಹಾಯಕರು. ಎಲ್ಲರಿಗೂ ಕಾಕಾ. ಡೊಂಬಿವಲಿಯಿಂದ ಬರುತ್ತಿದ್ದ ನಾನು ಒಂದು ದಿನ ಫೋನಿನಲ್ಲಿ ಅವ್ವನ ಜೊತೆ ಜಗಳಾಡುತ್ತಿದ್ದಾಗ, ಹಿಂದಿನಿಂದ "ಬಿಜಾಪುರದವ್ರೇನವ್ವಾ?" ಎಂದರು. ಅವರು ಕಲಬುರಗಿ ಕಡೆಯವರು. ತಂದೆ ವಾಶಿ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಿದ್ದರು. ರಜೆಯಲ್ಲಿ ಇವರೂ ಹೊತ್ತಿದ್ದರಂತೆ. ಡಿಪ್ಲೊಮಾ ಅರ್ಧಕ್ಕೇ ನಿಂತಿತ್ತು. ಆದರೆ ಸರ್ಕ್ಯೂಟಿನ ತಪ್ಪು ಹುಡುಕುವುದರಲ್ಲಿ ಅವರ ಮುಂದೆ ನಮ್ಮ ಪ್ರೊಫೆಸರರೂ ಸಪ್ಪೆ. ಆಗ ಇದನ್ನು ಗಟ್ಟಿಯಾಗಿ ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಯ ವರ್ಷದ ನನ್ನ ಪ್ರಾಜೆಕ್ಟ್, ಕ್ಯಾಮೆರಾದ ಚಿತ್ರದಿಂದ ಚುಕ್ಕೆಗಳನ್ನು ಸೋಸಿ ತೆಗೆಯುವ ಒಂದು ಡಿಜಿಟಲ್ ಸರ್ಕ್ಯೂಟ್. ಘೋಡಬಂದರ್ ರಸ್ತೆಯ ಕಂಪನಿಯೊಂದರ ನೌಕರಿಯ ಪತ್ರ ಆಗಲೇ ಕೈಯಲ್ಲಿತ್ತು. ಪ್ರಾಜೆಕ್ಟ್ ಕೈಕೊಟ್ಟರೆ ಪದವಿಯೂ ಇಲ್ಲ, ನೌಕರಿಯೂ ಇಲ್ಲ. ಪರೀಕ್ಷೆಗೆ ಮೂರು ದಿನವಿರುವಾಗ ಕ್ಯಾಮೆರಾ ಜೋಡಿಸಿ ಕಾಕಾ ಅವರನ್ನೇ ಎದುರಿಗೆ ನಿಲ್ಲಿಸಿದೆ. ಪರದೆಯ ಮೇಲೆ ಅವರ ಮುಖದ ತುಂಬ ಸಾಸಿವೆ ಚೆಲ್ಲಿದಂತೆ ಚುಕ್ಕೆ! ಇದ್ದ ಚುಕ್ಕೆ ತೆಗೆಯಬೇಕಾದ ಸರ್ಕ್ಯೂಟು ತಾನೇ ಹೊಸದಾಗಿ ಹುಟ್ಟಿಸುತ್ತಿತ್ತು. ಸರ್ಕ್ಯೂಟಿಗೆ ತಾಳ ಹಾಕುವ ಕ್ಲಾಕ್ ನಿಧಾನ ಮಾಡಿದರೆ ಲೆಕ್ಕ ಸರಿ ಬರುತ್ತಿತ್ತು, ಆದರೆ ಅದು ಕ್ಯಾಮೆರಾದ ವೇಗಕ್ಕೇ ಓಡಬೇಕು, ಆ ವೇಗ ನನ್ನ ಕೈಯಲ್ಲಿರಲಿಲ್ಲ.

ಗಾಬರಿಯಲ್ಲಿ ಸರ್ಕ್ಯೂಟಿನ ಕೋಡ್ ತಿದ್ದಲು ಕೀಬೋರ್ಡಿಗೆ ಕೈ ಹಾಕಿದೆ. ಕಾಕಾ ಬಿಡಲಿಲ್ಲ. ಅವರ ಪದ್ಧತಿಯೇ ಹಾಗೆ. ಮೊದಲು ಸರ್ಕ್ಯೂಟನ್ನು ಕಾಗದದ ಮೇಲೆ ಬರೆಯಬೇಕು. ರಿಜಿಸ್ಟರ್ ಎಂದರೆ ಲೆಕ್ಕದ ಉತ್ತರವನ್ನು ಒಂದು ತಾಳದ ಮಟ್ಟಿಗೆ ಹಿಡಿದಿಡುವ ಕಟ್ಟೆ; ಅಂಥ ಒಂದು ರಿಜಿಸ್ಟರಿನಿಂದ ಇನ್ನೊಂದಕ್ಕೆ ಹೋಗುವ ದಾರಿಗಳಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಯಾವುದೋ, ಅದರ ಮೇಲೆ ಕೆಂಪು ಪೆನ್ಸಿಲ್ ಎಳೆಯಬೇಕು. ಕ್ಲಾಕ್ ತಾಳ ಹಾಕುತ್ತಲೇ ಇರುತ್ತದೆ. ಒಂದು ತಾಳಕ್ಕೆ ಹೊರಟ ಲೆಕ್ಕ ಮುಂದಿನ ತಾಳ ಬೀಳುವಷ್ಟರಲ್ಲಿ ಮುಂದಿನ ರಿಜಿಸ್ಟರ್ ಮುಟ್ಟದಿದ್ದರೆ, ಅಲ್ಲಿ ಅರೆಬೆಂದ ಉತ್ತರವೇ ಕೂತುಬಿಡುತ್ತದೆ. ಉಳಿದ ದಾರಿಗಳು ಎಷ್ಟು ಚುರುಕಾಗಿದ್ದರೇನು? ನನ್ನ ಕೆಂಪು ಗೆರೆಯ ಮೇಲೆ ಗುಣಾಕಾರ, ಆಮೇಲೆ ಸಾಲು ಸಾಲು ಕೂಡಿಸುವಿಕೆ, ಎಲ್ಲವೂ ಒಂದೇ ತಾಳದಲ್ಲಿ ಮುಗಿಯಬೇಕಿತ್ತು.

"ಲಾರಿಯಿಂದ ಅಂಗಡಿ ತನಕ ಒಬ್ಬನ ಹೊತ್ರ ಹಿಂಗ ಆಗ್ತದವ್ವಾ. ನಡುವ ಇನ್ನೊಬ್ಬನ್ನ ನಿಲ್ಸು. ಒಂದು ಮೂಟಿ ಲಗೂ ಮುಟ್ಟಂಗಿಲ್ಲ, ಖರೆ. ಆದ್ರ ಲಾರಿ ಲಗೂ ಖಾಲಿ ಆಗ್ತದ."

ಗುಣಾಕಾರಕ್ಕೂ ಕೂಡಿಸುವುದಕ್ಕೂ ನಡುವೆ ಒಂದು ರಿಜಿಸ್ಟರ್ ಇಟ್ಟೆ. ಉದ್ದದ ದಾರಿ ಎರಡು ತುಂಡಾಯಿತು, ಚುಕ್ಕೆಗಳು ಮಾಯ! ಕುಣಿದಾಡುವಷ್ಟರಲ್ಲಿ ಕಂಡಿತು, ಚಿತ್ರದ ಎಡ ಅಂಚಿಗೆ ದಾರದೆಳೆಯಷ್ಟು ತೆಳ್ಳನೆಯ ತಪ್ಪು ಗೆರೆ.

"ಬಿಡ್ರಿ ಕಾಕಾ, ಇದನ್ಯಾರ್ ನೋಡ್ತಾರ?" ಎಂದೆ.

"ನಾ ನೋಡೀನಲ್ಲ!" ಎಂದು ಗದರಿದರು. ಅವರ ಸಿಟ್ಟು ನಾನು ಕಂಡದ್ದು ಅದೊಂದೇ ಸಲ. ಕಾಗದ ಎಳೆದುಕೊಂಡು ಇನ್ನೊಂದು ತಂತಿಯ ಮೇಲೆ ಪೆನ್ಸಿಲ್ ಊರಿದರು. ಚಿತ್ರದ ಸಾಲು ಎಲ್ಲಿ ಶುರು ಎಂದು ತಿಳಿಸುವ ತಂತಿ ಅದು. ಚಿತ್ರವನ್ನು ಒಂದು ತಾಳ ತಡೆದ ನಾನು ಅದನ್ನು ತಡೆಯುವುದನ್ನೇ ಮರೆತಿದ್ದೆ.

"ಸರಕು ನಿಲ್ಸಿದಿ, ಅದರ ಚೀಟಿ ಮದ್ಲ ಓಡ್ಸಿದಿ. ಸರಕಿನ ಜೋಡಿನ ಚೀಟಿ ಹೋಗ್ಬೇಕವ್ವಾ. ಇಲ್ಲಂದ್ರ ಯಾರ ಮಾಲು ಯಾರಿಗೋ!"

ಆ ತಂತಿಗೂ ಒಂದು ರಿಜಿಸ್ಟರ್ ಬಿತ್ತು. ಪರದೆಯ ಮೇಲೆ ಕಾಕಾ ಸ್ವಚ್ಛವಾಗಿ ಮೂಡಿದರು, ಕಿವಿಯ ಮೇಲಿನ ಪೆನ್ಸಿಲ್ ಸಮೇತ. ನಾನು ಪಾಸಾದೆ. ಆ ಚಿತ್ರವನ್ನೇ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಅಚ್ಚು ಹಾಕಿಸಿದೆ, ಕೆಳಗೆ 'ಔಟ್‌ಪುಟ್ ಇಮೇಜ್' ಎಂದು.

ಧನ್ಯವಾದದ ಪುಟವನ್ನು ಹಿಂದಿನ ವರ್ಷದವರಿಂದ ನಕಲು ಮಾಡಿ ಹೆಸರಷ್ಟೇ ಬದಲಿಸುವುದು ನಮ್ಮಲ್ಲಿ ರೂಢಿ. ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥರು, ಗೈಡ್. ಲ್ಯಾಬ್ ಸಹಾಯಕರಿಗೆ ಅಲ್ಲಿ ಜಾಗವಿರಲಿಲ್ಲ, ಜಾಗ ಮಾಡಬೇಕೆಂದು ನನಗೂ ಹೊಳೆಯಲಿಲ್ಲ. ರಿಪೋರ್ಟುಗಳನ್ನು ಕಪಾಟಿಗೆ ಇಡುವವರು ಕಾಕಾನೇ. ನನ್ನದನ್ನು ತಿರುವಿ, ತಮ್ಮ ಮುಖ ಕಂಡು ಮಗುವಿನಂತೆ ನಕ್ಕರು. ಆಮೇಲೆ ಮೊದಲ ಪುಟಗಳಿಗೆ ಹೋಗಿ, ಆ ಹೆಸರುಗಳ ಮೇಲೆ ನಿಧಾನವಾಗಿ ಬೆರಳಾಡಿಸಿದರು. "ಚಲೋ ಬೈಂಡಿಂಗ್ ಮಾಡ್ಸಿದಿ," ಎಂದು ಕಪಾಟಿನಲ್ಲಿಟ್ಟರು.

ಹತ್ತಿದ ಏಣಿಯನ್ನು ಒದೆಯಲಿಲ್ಲ, ಮರೆತೆ. ಎರಡರಲ್ಲಿ ಯಾವುದು ವಾಸಿಯೋ... ಇಂದಿಗೂ ಅದೇ ಕೆಲಸದಿಂದ ಅನ್ನ ಉಣ್ಣುತ್ತಿದ್ದೇನೆ. ಆಫೀಸಿನಲ್ಲಿ ದಾರಿಯ ಉದ್ದ ಕಂಪ್ಯೂಟರೇ ಹೇಳುತ್ತದೆ, ಆದರೂ ನಾನು ಕಾಗದದ ಮೇಲೆ ಕೆಂಪು ಗೆರೆ ಎಳೆಯುತ್ತೇನೆ. ಹೋಗಿ ಮಾತಾಡಿಸಬೇಕು ಎಂದುಕೊಳ್ಳುತ್ತಲೇ ಇದ್ದೆ. ಕಳೆದ ವರ್ಷ ಕಾಕಾ ತೀರಿಕೊಂಡ ಸುದ್ದಿ ಬಂತು.

ಮೊನ್ನೆ ಆರಿದ ಚಹಾ ಬಿಟ್ಟೆದ್ದು, ಅಟ್ಟದಿಂದ ಆ ರಿಪೋರ್ಟಿನ ನನ್ನ ಪ್ರತಿಯನ್ನು ತೆಗೆದೆ. ಮಗಳು ಆ ಚಿತ್ರ ನೋಡಿ, "ಮಮ್ಮಿ, ಯೇ ಕೌನ್ ಹೈ?" ಎಂದಳು.

ಅವಳ ಕೈಯಿಂದ ಪೆನ್ಸಿಲ್ ಇಸಿದುಕೊಂಡು, ಆ ಮುಖದ ಕೆಳಗೆ ಅವರ ಪೂರ್ತಿ ಹೆಸರು ಬರೆದೆ. ಸರಕಿನ ಜೊತೆಗೇ ಹೋಗಬೇಕಿದ್ದ ಚೀಟಿ ಅದು.