ಮರಿಬಸಪ್ಪ ಮೇಷ್ಟ್ರಿಗೆ ಆಧಾರ ಹುಡುಕಿದ್ದು

ಅವೆನ್ಯೂ ರಸ್ತೆಯ ಹಳೆ ಪುಸ್ತಕದಂಗಡಿಗಳ ಮುಂದೆ ಹಾದುಹೋಗುವಾಗ ಹಳದಿ ಕಾಗದದ ಆ ವಾಸನೆ ಮೂಗಿಗೆ ಬಡಿದರೆ ಸಾಕು, ನನ್ನ ಕಾಲು ತಾನಾಗಿ ನಿಲ್ಲುತ್ತದೆ. ಮೊನ್ನೆಯೂ ನಿಂತೆ. ಯಾವುದೋ ಸಂಘದ ಸ್ಮರಣ ಸಂಚಿಕೆಯನ್ನು ಕೈಗೆತ್ತಿಕೊಂಡು, ಮರಿಬಸಪ್ಪ ಎಂಬ ಹೆಸರಿದೆಯೇ ಎಂದು ಹುಡುಕಿದೆ. ಇರಲಿಲ್ಲ. ಮರಿಬಸಪ್ಪನವರು ನನ್ನ ನೆಂಟರಲ್ಲ, ನಾನು ಅವರನ್ನು ಕಂಡವನೂ ಅಲ್ಲ. ಮತ್ತೇಕೆ ಹುಡುಕುತ್ತೀರಿ ಎಂದು ನೀವು ಕೇಳಬಹುದು.

ನಿವೃತ್ತನಾದ ಮೇಲೆ ನಾನು ಅಂತರಜಾಲದ ಕನ್ನಡ ವಿಶ್ವಕೋಶಕ್ಕೆ ಬರೆಯುವವರ ಗುಂಪಿಗೆ ಸೇರಿಕೊಂಡೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಬರೆಯುತ್ತೇನೆ ಎಂದರೆ ಸ್ವಲ್ಪ ದೊಡ್ಡ ಮಾತಾಯಿತು. ಅಕಾರ ಹಕಾರ ಸರಿಪಡಿಸುವುದು, ಬಿಟ್ಟುಹೋದ ಪೂರ್ಣವಿರಾಮ ಇಡುವುದು, ಇಷ್ಟೇ ನನ್ನ ಸಾಧನೆ. "ಅಲ್ಲೂ ಗುಮಾಸ್ತಗಿರಿನೇನಾ?" ಎಂದು ನನ್ನ ಹೆಂಡತಿ ಕೇಳಿದ್ದುಂಟು.

ಭಾನುವಾರ ಬೆಳಿಗ್ಗೆ ನಾವು ಕೆಲವರು ಶಂಕರಪುರಂನಲ್ಲಿ ವನಜಾಕ್ಷಿ ಮೇಡಂ ಮನೆಯ ಹಜಾರದಲ್ಲಿ ಸೇರುತ್ತಿದ್ದೆವು. ಮೇಡಂ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ನಾವೆಲ್ಲ ಚರ್ಚಿಸಿ, ಮತ ಹಾಕಿ, ಅವರನ್ನು ವಿಶ್ವಕೋಶದ ನಿರ್ವಾಹಕಿಯಾಗಿ ಆರಿಸಿದ್ದೆವು. ಪುಟ ಅಳಿಸುವ, ತರಲೆ ಮಾಡುವವರಿಗೆ ತಡೆ ಹಾಕುವ ಗುಂಡಿಗಳು ನಿರ್ವಾಹಕರ ಕೈಗೆ ಬರುತ್ತವೆ. ಮೇಡಂ ಅವನ್ನು ಒತ್ತಿದ್ದಕ್ಕಿಂತ ಒತ್ತದೆ ಬಿಟ್ಟದ್ದೇ ಹೆಚ್ಚು.

ಒಮ್ಮೆ ಚಾಮರಾಜಪೇಟೆಯ ಲೇಖನಕ್ಕೆ ಹೊಸಬರೊಬ್ಬರು ಒಂದು ಸಾಲು ಸೇರಿಸಿದರು. ಕೂಲಿಕಾರರಿಗಾಗಿ ಇಲ್ಲಿ ರಾತ್ರಿ ಶಾಲೆ ತೆರೆದವರು ಮರಿಬಸಪ್ಪ ಮೇಷ್ಟ್ರು, ಎಂದು. ಅದು ಎಲ್ಲಿ ಅಚ್ಚಾಗಿದೆ ಎಂಬ ಆಧಾರ ಕೊಟ್ಟಿರಲಿಲ್ಲ. ಮೇಡಂ ತೆಗೆದರು. ಅವರು ಮತ್ತೆ ಹಾಕಿದರು. ಮೇಡಂ ಮತ್ತೆ ತೆಗೆದು, ಕಾರಣವನ್ನು ಚರ್ಚಾ ಪುಟದಲ್ಲಿ ಬರೆದರು. "ನಮ್ಮ ತಾತನನ್ನು ಅಳಿಸಲು ನೀವು ಯಾರು?" ಎಂದು ಅದರ ಕೆಳಗೇ ಬರೆದು ಅವರು ಇನ್ನೊಮ್ಮೆ ಹಾಕಿದರು.

"ತಡೆ ಹಾಕ್ಬಿಡಿ ಮೇಡಂ" ಎಂದೆ ನಾನು.

"ಜಗಳ ಆಡ್ತಿರೋಳು ನಾನು. ಶಿಕ್ಷೆನೂ ನಾನೇ ಕೊಡೋಕಾಗುತ್ತೇನ್ರಿ? ಬೇಕಾದ್ರೆ ಇನ್ನೊಬ್ಬ ನಿರ್ವಾಹಕರು ನೋಡ್ಲಿ" ಎಂದ ಮೇಡಂ, ಆ ಹೊಸಬರನ್ನು ಮನೆಗೇ ಕರೆದರು.

ಅವರು ಬಂದರು. ಹೆಸರು ಶಿವಪ್ರಸಾದ್, ಬ್ಯಾಂಕಿನಲ್ಲಿ ಕೆಲಸ, ಜಗಳಕ್ಕೆ ಸಿದ್ಧವಾಗಿ ಬಂದ ಮುಖ. ರುಮಾಲು ಸುತ್ತಿದ ತಾತನ ಫೋಟೋವನ್ನು ಮೇಜಿನ ಮೇಲಿಟ್ಟು, "ನಮ್ಮಮ್ಮ ಕಣ್ಣಾರೆ ಕಂಡಿದಾರೆ. ಶಾಲೆಯ ಲಾಟೀನು ಒರೆಸಿ ಕೊಡ್ತಿದ್ದೋರೇ ಅವ್ರು. ಅವ್ರೇನು ಸುಳ್ಳು ಹೇಳ್ತಾರಾ?" ಎಂದರು.

"ಖಂಡಿತ ಇಲ್ಲ. ಆದ್ರೆ ನಾಳೆ ಇನ್ನೊಬ್ರು ಬಂದು, ಶಾಲೆ ತೆರೆದಿದ್ದು ನಮ್ಮ ತಾತ, ನಮ್ಮಮ್ಮ ಹೇಳಿದಾರೆ ಅಂದ್ರೆ ಯಾರ ಅಮ್ಮನ್ನ ನಂಬ್ಲಿ? ಅಚ್ಚಾಗಿರೋದು ಏನಾದ್ರೂ ಸಿಗುತ್ತಾ ನೋಡೋಣ. ನಾವೂ ಹುಡುಕ್ತೀವಿ" ಎಂದರು ಮೇಡಂ.

ಹುಡುಕಿದೆವು. ಗ್ರಂಥಾಲಯಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆವು, ಅವೆನ್ಯೂ ರಸ್ತೆಯ ಧೂಳು ಕುಡಿದು ಕೆಮ್ಮಿದೆವು. ರಾತ್ರಿ ಶಾಲೆಯೊಂದಿತ್ತು ಎಂಬ ಮಾತು ಒಂದು ಕಡೆ ಸಿಕ್ಕಿತು. ಮೇಷ್ಟ್ರ ಹೆಸರು ಎಲ್ಲೂ ಸಿಗಲಿಲ್ಲ. ಆದರೆ ಹುಡುಕುತ್ತ ಹುಡುಕುತ್ತ ಪ್ರಸಾದ್ ಕಣ್ಣಿಗೆ ಬೇರೇನೇನೋ ಬಿದ್ದವು. ಮುಚ್ಚಿಹೋದ ಛತ್ರಗಳು, ಗರಡಿಮನೆಗಳು, ಮಾಮೂಲ್‌ಪೇಟೆಯ ಹಳೆಯ ವ್ಯಾಪಾರಗಳು. ಒಂದೊಂದರ ಮೇಲೂ ಆಧಾರಸಹಿತ ಲೇಖನ ಬರೆದರು. ಕೆಲವು ವರ್ಷಗಳ ಮೇಲೆ ಕಣ್ಣಿನ ತೊಂದರೆಯಿಂದ ಮೇಡಂ ನಿರ್ವಾಹಕಿಯ ಕೆಲಸ ಬಿಟ್ಟಾಗ ನಾವು ಪ್ರಸಾದ್ ಅವರನ್ನೇ ಆರಿಸಿದೆವು.

ಆ ಹೊತ್ತಿಗೆ ಅವರ ತಾಯಿ ಗೌರಮ್ಮ ಹಾಸಿಗೆ ಹಿಡಿದಿದ್ದರು. "ಅಪ್ಪನ ಹೆಸರು ಬಂತೇನೋ?" ಎಂದು ಆಗಾಗ ಕೇಳುತ್ತಿದ್ದರಂತೆ. ಕೇಳಿ ನನಗೆ ತಡೆಯಲಾಗಲಿಲ್ಲ.

"ಒಂದಿನದ ಮಟ್ಟಿಗೆ ಹಾಕ್ಬಿಡಿ ಪ್ರಸಾದ್. ಅವ್ರು ನೋಡಿದ್ಮೇಲೆ ತೆಗೆದ್ರಾಯ್ತು. ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ ಸಾರ್. ಗುಂಡಿ ನನ್ನ ಕೈಲೇ ಇದೆಯಲ್ಲ, ಅದಕ್ಕೇ ಆಗ್ತಿಲ್ಲ" ಎಂದರು. ಕಣ್ಣು ತುಂಬಿತ್ತು. ಇಷ್ಟೊಂದು ಹಟ ಬೇಕೇ ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡದ್ದು ನಿಜ.

ಮುಂದಿನ ವಾರ ಅವರೇ ನಡೆದದ್ದನ್ನು ಹೇಳಿದರು. ಈ ವಿಶ್ವಕೋಶದಲ್ಲಿ ತೆಗೆದ ಸಾಲು ಸಾಮಾನ್ಯವಾಗಿ ನಾಶವಾಗುವುದಿಲ್ಲ. ಯಾರು ಏನು ಬರೆದರು, ಯಾರು ತೆಗೆದರು ಎಂಬುದು ಆ ಪುಟದ ಇತಿಹಾಸದಲ್ಲಿ ಉಳಿಯುತ್ತದೆ. ಪ್ರಸಾದ್ ಲ್ಯಾಪ್‌ಟಾಪನ್ನು ಅಮ್ಮನ ಹಾಸಿಗೆಯ ಹತ್ತಿರ ಒಯ್ದು, ತಾವು ಹಿಂದೆ ಬರೆದ ಸಾಲನ್ನು ಅಲ್ಲಿ ತೋರಿಸಿದರು. ಅದನ್ನು ತೆಗೆದದ್ದನ್ನೂ, ಚರ್ಚಾ ಪುಟದ ಜಗಳವನ್ನೂ ತೋರಿಸಿದರು. ಆಧಾರ ಸಿಗಲಿಲ್ಲ ಎಂಬುದನ್ನು ಮುಚ್ಚಿಡದೆ ಹೇಳಿದರು. ಗೌರಮ್ಮ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ನಿಧಾನವಾಗಿ ಓದಿದರಂತೆ.

"ಎಷ್ಟು ಒರಟಾಗಿ ಬರ್ದಿದೀಯೋ! ಆ ಮೇಡಂ ನೋಡು, ಎಷ್ಟು ಮರ್ಯಾದೆಯಾಗಿ ಉತ್ತರ ಕೊಟ್ಟಿದಾರೆ. ಅವ್ರನ್ನ ಒಂದ್ಸಲ ಊಟಕ್ಕೆ ಕರಿ."

ಮೇಡಂ ಜೊತೆ ನಾನೂ ಹೋದೆ. ಗೌರಮ್ಮ ದಿಂಬಿಗೆ ಒರಗಿ ಕೂತು, ಇವರಿಗೆ ಹೋಳಿಗೆ ಹಾಕು, ತುಪ್ಪ ಹಾಕು ಎಂದು ಸೊಸೆಗೆ ಹೇಳುತ್ತಲೇ ಇದ್ದರು. ಮೇಡಂ ಸಂಕೋಚದಿಂದ, "ನಿಮ್ಮ ತಂದೆಯವರ ಹೆಸರು ತೆಗೆದೋಳು ನಾನೇ" ಎಂದರು.

"ಗೊತ್ತು ಕಣಮ್ಮ. ನಮ್ಮಪ್ಪ ಇದ್ದಿದ್ರೂ ತೆಗೀತಿದ್ರು. ಲೆಕ್ಕದ ಉತ್ತರ ಸರಿಯಿದ್ರೂ, ಮಾಡಿದ ದಾರಿ ತೋರಿಸ್ಲಿಲ್ಲ ಅಂದ್ರೆ ನಂಗೇ ಸೊನ್ನೆ ಹಾಕ್ತಿದ್ರು!"

ಗಣಿತದ ಮೇಡಂ ಎಲೆ ಮುಂದೆ ಕೂತು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ಅದೇ ಮೊದಲು ಕಂಡದ್ದು.

ಗೌರಮ್ಮ ಈಗಿಲ್ಲ. ಮೇಷ್ಟ್ರ ಹೆಸರು ಇನ್ನೂ ಲೇಖನದಲ್ಲಿಲ್ಲ. ಇವತ್ತು ಬೆಳಿಗ್ಗೆ ಬಸವನಗುಡಿಯ ಪುಟದಲ್ಲಿ ಯಾರೋ ತಮ್ಮ ಸೋದರತ್ತೆಯ ಬಗ್ಗೆ ಒಂದು ಸಾಲು ಸೇರಿಸಿದ್ದರು, ಆಧಾರವಿಲ್ಲದೆ. ಮೊದಲಾಗಿದ್ದರೆ ಗುಮಾಸ್ತನ ಹಾಗೆ ಹೊಡೆದುಹಾಕಿ ಮುಂದೆ ಹೋಗುತ್ತಿದ್ದೆ. ಈಗ ತೆಗೆಯುವ ಮುನ್ನ ಅವರಿಗೆ ನಾಲ್ಕು ಮಾತು ಬರೆದೆ. ನಿಮ್ಮ ಅತ್ತೆಯವರ ವಿಷಯ ಎಲ್ಲಾದರೂ ಅಚ್ಚಾಗಿದೆಯೇ, ನಾನೂ ಹುಡುಕಿಕೊಡಲೇ ಎಂದು ಕೇಳಿದೆ. ಉತ್ತರ ಇನ್ನೂ ಬಂದಿಲ್ಲ. ಬೈದರೂ ಬೈಯಬಹುದು.