ತಲೆಯ ಮೇಲಿನ ಎಕ್ಸ್

ದೊಡ್ಡವಳೇ, ಸಣ್ಣವನೇ, ನಿಮ್ಮವ್ವನಿಗೆ ಗಣಿತ ಹುಟ್ಟಿನಿಂದಲೇ ಬಂದದ್ದೆಂದು ನೀವು ತಿಳಿದಿದ್ದೀರಿ. ಪಿಯುಸಿಯಲ್ಲಿ ಅವಳು ಗಣಿತದಲ್ಲೇ ಒಮ್ಮೆ ಫೇಲಾಗಿದ್ದಳು. ತೊಂಬತ್ತರ ಆಚೀಚೆಯ ಮಾತು. ಮರುಪರೀಕ್ಷೆಯಲ್ಲೂ ಹೋದರೆ ಓದು ಬಿಡಿಸಿ ಮುಕ್ಕುಂದ ಊರಿನ ಗಂಡಿಗೆ ಕೊಟ್ಟು ಮದುವೆ ಮಾಡುವುದೆಂದು ಅವಳ ದೊಡ್ಡಪ್ಪ, ನಮ್ಮ ಭಾವನವರು, ಹೇಳಿಬಿಟ್ಟಿದ್ದರು. ನಿಮ್ಮಜ್ಜ ಹಟ್ಟಿಯ ಚಿನ್ನದ ಗಣಿಯಲ್ಲಿ ಪಾಳಿಯ ಕೆಲಸದಲ್ಲಿದ್ದರು, ಅಣ್ಣನಿಗೆ ಎದುರಾಡುವವರಲ್ಲ. ನಾನಂತೂ ಭಾವನವರ ಮುಂದೆ ನಿಂತವಳೇ ಅಲ್ಲ.

ಮಸ್ಕಿಯ ಮನೆಯಲ್ಲಿ ಅವಳು ನನಗೆ ಸೂತ್ರ ಒಪ್ಪಿಸುತ್ತಿದ್ದಳು. ಹಳ್ಳಿಯ ಸಾಲೆಯಲ್ಲಿ ಏಳನೆಯ ತನಕ ಓದಿದ ನನಗೆ ಅದರ ಅರ್ಥ ಎಲ್ಲಿಂದ ತಿಳಿಯಬೇಕು? ಅವಳು ಪಾಟಿಯ ಮೇಲೆ ಬರೆದದ್ದನ್ನು ನೋಟ್‌ಬುಕ್ಕಿನೊಂದಿಗೆ ಹೊಂದಿಸಿ ನೋಡುತ್ತಿದ್ದೆ, ರಂಗೋಲಿಯ ಚುಕ್ಕಿ ತಪ್ಪಿದೆಯೇ ಎಂದು ನೋಡುವ ಹಾಗೆ. ನೋಡಿ ನೋಡಿ ಒಂದಿಷ್ಟು ಕಣ್ಣಿಗೆ ಕೂತಿತ್ತು. ಎಕ್ಸ್‌ನ ತಲೆಯ ಮೇಲೆ ಎರಡಿದ್ದರೆ, ಅವಕಲನ ಎಂಬ ಲೆಕ್ಕ ಮಾಡಿದಾಗ ಆ ಎರಡು ಇಳಿದು ಮುಂದೆ ಬರುತ್ತದೆ. 'ಇ' ಎಂಬ ಅಕ್ಷರದ ತಲೆಯ ಮೇಲೆ ಎಕ್ಸ್ ಕೂತಿದ್ದರೆ ಮಾತ್ರ ಇಳಿಯುವುದಿಲ್ಲ, ಎಷ್ಟು ಸಲ ಮಾಡಿದರೂ ಇದ್ದದ್ದು ಇದ್ದಂತೆ. ಲಾಗ್ ಎಕ್ಸ್ ಆದರೆ ಲಾಗ್ ಹೋಗಿ, ಒಂದರ ಕೆಳಗೆ ಎಕ್ಸ್.

ಪರೀಕ್ಷೆ ಲಿಂಗಸುಗೂರಿನಲ್ಲಿತ್ತು, ನಾನೂ ಜೊತೆಗೆ ಹೋದೆ. ಬಸ್ಸಿನಲ್ಲಿ ಅವಳು ಪರೀಕ್ಷೆಯ ಪ್ಯಾಡಿನ ಹಿಂಬದಿಗೆ ಪೆನ್ಸಿಲಿನಿಂದ ಸೂತ್ರ ಬರೆಯುತ್ತಿದ್ದಳು. ಇ ಮೇಲಿನ ಎಕ್ಸನ್ನು ಕೆಳಗಿಳಿಸಿದಳು. ಪಕ್ಕದ ಗೆಳತಿ ಸರಿ ಎಂದು ತಲೆಯಾಡಿಸಿದಳು. ನೋಟ್‌ಬುಕ್ಕಿನಲ್ಲಿ ಅದು ಇಳಿದದ್ದನ್ನು ನಾನು ಕಂಡಿರಲಿಲ್ಲ. ಬಸ್ಸಿನ ತುಂಬ ಗಂಡಸರು, ಕಾಲೇಜಿನವರು. ನಾನೇ ತಪ್ಪಿದ್ದರೆ? ಇದ್ದ ಧೈರ್ಯವೂ ಹುಡುಗಿಗೆ ಹೋದೀತು. ಮುದಗಲ್ಲಿನ ಕಡೆಯವರು ಯಾರೋ ಮಾತಾಡಿಸಿದರು, ಏನು ಹೇಳಿದೆನೋ ನೆನಪಿಲ್ಲ. ಇಳಿದು ಅವಳ ಹಿಂದೆ ಗೇಟಿನವರೆಗೆ ನಡೆದೆ.

ಗೇಟಿನಲ್ಲಿ ಗಂಟೆ ಹೊಡೆದಾಗ ಅವಳ ಮುಂಗೈ ಹಿಡಿದುಕೊಂಡೆ.

"ಯವ್ವಾ, ಇ ತಲಿಮ್ಯಾಲಿನ ಎಕ್ಸ್ ಕೆಳಗ ಇಳೀತದೇನು?" ಎಂದು ಕೇಳಿದೆ.

"ಗಂಟಿ ಹೊಡದೈತಿ, ಈಗ ನನಗ ಪಾಠ ಹೇಳಾಕತ್ತೀಯೇನಬೇ?" ಎಂದು ನಕ್ಕಳು. ಆಮೇಲೆ ಪ್ಯಾಡು ತಿರುಗಿಸಿ ನೋಡಿದಳು. ಮುಖ ಬಿಳಿಚಿತು. ಹೆಬ್ಬೆರಳಿನಿಂದ ಬರೆದದ್ದನ್ನೆಲ್ಲ ತಿಕ್ಕಿ ಅಳಿಸಿ, "ಇಳಿಯಂಗಿಲ್ಲಬೇ," ಎಂದು ಒಳಗೆ ಓಡಿದಳು.

ಬೇವಿನ ಗಿಡದ ಕೆಳಗೆ ಮೂರು ತಾಸು ಕೂತೆ. ಕೇಳಿ ಅವಳ ತಲೆ ಕೆಡಿಸಿದೆನೋ ಎಂಬ ಹೆದರಿಕೆಯಲ್ಲಿ ತಂದಿದ್ದ ರೊಟ್ಟಿಯ ಗಂಟನ್ನು ಬಿಚ್ಚಲೂ ಇಲ್ಲ. ಹೊರಗೆ ಬಂದವಳು ನನ್ನ ಕಿವಿಯಲ್ಲಿ, "ಅದ ಲೆಕ್ಕ ಬಂದಿತ್ತಬೇ," ಅಂದಳು.

ದಡ ಮುಟ್ಟುವಷ್ಟು ಅಂಕ ಬಂದವು. ಮುಕ್ಕುಂದದ ಮಾತು ನಿಂತಿತು. ಅವಳು ಡಿಗ್ರಿ ಓದಲು ಸಿಂಧನೂರಿಗೆ ಹೋದಳು. ನಾನು ಕೇಳಿದ ಪ್ರಶ್ನೆಯನ್ನು ಭಾವನವರಿಗೆ ನಾವಿಬ್ಬರೂ ಹೇಳಲಿಲ್ಲ.

ಅವಳ ಅದೇ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ಇದನ್ನು ಬರೆದಿದ್ದೇನೆ. ಹೊಲಿಗೆ ಸಡಿಲಾಗಿದೆ, ಅವಳ ಸೂತ್ರ ಮತ್ತು ನನ್ನ ಬರಹ ಬೇರೆಯಾಗದಂತೆ ಜೋಪಾನವಾಗಿ ಇಟ್ಟುಕೊಳ್ಳಿರಪ್ಪಾ.