ಜಡ್ಜ್ ಮೇಲೊಂದು ಅರ್ಜಿ

ಕೋರ್ಟಿನ ಎದುರು ಅರ್ಜಿ ಟೈಪ್ ಮಾಡುವುದು ನನ್ನ ಕೆಲಸ, ಅದರಲ್ಲಿ ತಪ್ಪು ಹುಡುಕುವುದು ವಕೀಲರ ಕೆಲಸ. ಒಂದು ಬೆಳಿಗ್ಗೆ ಶೀಳನೆರೆ ಕಡೆಯ ನಿಂಗಮ್ಮ ಬಂದರು. ಪಕ್ಕದ ಮನೆಯವರ ಗಡಿ ವ್ಯಾಜ್ಯದಲ್ಲಿ ಅವರು ಬರೀ ಸಾಕ್ಷಿ. ಎದುರುತ್ತರ ಕೊಟ್ಟರೆಂದು ಸಿಟ್ಟಾದ ಜಡ್ಜು, ಮೂರು ತಿಂಗಳಲ್ಲಿ ಅವರ ದನದ ಕೊಟ್ಟಿಗೆಯನ್ನೇ ಕೆಡವಬೇಕೆಂದು ಆದೇಶ ಬರೆದುಬಿಟ್ಟಿದ್ದರು.

“ಕೇಸೇ ನಂದಲ್ಲ, ಕೊಟ್ಟಿಗೆ ಎಂಗಪ್ಪ ಕೆಡುವ್ತಾರೆ? ಅವ್ರಿಗೂ ಮ್ಯಾಲೆ ಒಬ್ರು ಇರ್ಬೇಕಲ್ಲ, ಅವ್ರಿಗೆ ಬರಿ” ಅಂದರು.

ದಿನಾ ಅದೇ ಜಡ್ಜಿನ ಕಣ್ಣೆದುರು ಕೂರುವವನು ನಾನು. ಆದರೂ ಹೈಕೋರ್ಟಿಗೆ ಅರ್ಜಿ ಟೈಪ್ ಮಾಡಿ ಓದಿ ಹೇಳಿದೆ.

“ನಾಕು ಕಡೆ ‘ದಯಮಾಡಿ’ ಯಾಕ್ಲಾ? ಒಂದು ಸಾಕು. ತಪ್ಪು ಮಾಡಿರೋರು ಅವ್ರು” ಅಂದು, ಮೂರನ್ನು ತೆಗೆಸಿ ಸಹಿ ಹಾಕಿದರು.

ಗಡುವು ಮುಗಿಯುವ ಮೊದಲೇ ಉತ್ತರ ಬಂತು. ಆದೇಶ ರದ್ದಾಗಿತ್ತು. ಅಧಿಕಾರ ಮೀರಿದ್ದಕ್ಕೆ ಜಡ್ಜಿಗೆ ಎಚ್ಚರಿಕೆ ಕೊಟ್ಟು ತರಬೇತಿಗೆ ಕಳಿಸಿದ್ದರು. ನಿಂಗಮ್ಮ ಮೂರು ಸಲ ಓದಿಸಿ ಕೇಳಿದರು. ಕುಣಿಯುವುದೊಂದು ಬಾಕಿ.

“ತರಬೇತಿ ಅಂದ್ರೆ?”

“ಮತ್ತೆ ಪಾಠ ಕಲಿಯೋಕೆ ಕಳಿಸವ್ರೆ ಕಣಮ್ಮಾ.”

“ಅಯ್ಯೋ, ಈ ವಯಸ್ನಲ್ಲಾ! ಪಾಪ, ಎಂಗೋ ಪಾಸಾಗ್ಲಿ ಬುಡು” ಅಂತ ಹೊಟ್ಟೆ ಹಿಡಿದು ನಕ್ಕರು.

ನನಗೇನಾಯಿತು ಅಂತೀರಾ? ನನ್ನ ಟೈಪಿಂಗಿನಲ್ಲಿ ತಪ್ಪು ಹುಡುಕುವುದನ್ನು ವಕೀಲರೆಲ್ಲ ಬಿಟ್ಟಿದ್ದಾರೆ.